‘ನೋ ಸಿಗ್ನಲ್’ ಎಂಬುದೂ ಒಂದು ಸಂಕೇತವೇ: ಪರದೆಯ ದೋಷ ನಿವಾರಣಾ ಪಟ್ಟಿಗಳ ವಿಮರ್ಶೆ

ಪುಸ್ತಕಗಳನ್ನು ವಿಮರ್ಶೆ ಮಾಡುವುದು ವಾಡಿಕೆ. ಗೋಡೆಗೆ ಅಂಟಿಸಿದ ಹಾಳೆಯೊಂದನ್ನು ವಿಮರ್ಶೆ ಮಾಡುವವರು ಕಡಿಮೆ. ಆದರೆ ಪಠ್ಯಪುಸ್ತಕಕ್ಕಿಂತಲೂ ಹೆಚ್ಚು ಆತಂಕದಿಂದ ಓದುವ ಹಾಳೆಯೊಂದು ಇಂದು ಅನೇಕ ಕಾಲೇಜುಗಳ ಸೆಮಿನಾರ್ ಹಾಲ್‌ಗಳಲ್ಲಿದೆ. ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೋ, ದೊಡ್ಡ ಟಿವಿಗೋ, ಮೇಜಿನ ಮೇಲಿನ ಮಾನಿಟರಿಗೋ ಜೋಡಿಸಿದಾಗ ಚಿತ್ರ ಬಾರದಿದ್ದರೆ ಏನು ಮಾಡಬೇಕೆಂದು ತಿಳಿಸುವ ಹಾಳೆ ಅದು. ಮಾನಿಟರಿನ ಜತೆ ಬರುವ ಕೈಪಿಡಿಯ ಕೊನೆಯ ಪುಟಗಳಲ್ಲೂ ಇಂಥದೇ ಪಟ್ಟಿ ಇರುತ್ತದೆ. ಮಾತು ಅಲ್ಪಸ್ವಲ್ಪ ಬೇರೆಯಾದರೂ ತಿರುಳು ಒಂದೇ:

1. ಕೇಬಲ್ ಸರಿಯಾಗಿದೆಯೇ ನೋಡಿ.
2. ವಿಂಡೋಸ್ ಕೀಲಿಯ ಜತೆ ‘ಪಿ’ ಕೀಲಿಯನ್ನು ಒತ್ತಿ.
3. ರೆಸಲ್ಯೂಷನ್ ಬದಲಿಸಿ.
4. ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿ.
5. ಡ್ರೈವರ್ ತಂತ್ರಾಂಶವನ್ನು ಅಪ್‌ಡೇಟ್ ಮಾಡಿ.
6. ಆದರೂ ಆಗದಿದ್ದರೆ ತಂತ್ರಜ್ಞರನ್ನು ಕರೆಯಿರಿ.

ಉಡುಪಿ ಜಿಲ್ಲೆಯಲ್ಲಿ ಪಾಠವು ಕರಿಹಲಗೆಯಿಂದ ಪರದೆಯತ್ತ ಸರಿಯತೊಡಗಿ ಬಹಳ ವರ್ಷಗಳಾದವು. ಉಡುಪಿ ಮತ್ತು ಮಣಿಪಾಲದ ಕಾಲೇಜುಗಳಿರಲಿ, ಕಾರ್ಕಳ, ಕಾಪು ತಾಲೂಕುಗಳ ಶಾಲೆಗಳಿರಲಿ, ಪಾಠ, ಸೆಮಿನಾರ್, ಯೋಜನಾ ವರದಿಯ ಮಂಡನೆ ಎಲ್ಲಕ್ಕೂ ಪರದೆ ಬೇಕು. 2020-21ರ ಆನ್‌ಲೈನ್ ತರಗತಿಗಳ ಕಾಲದಲ್ಲಿ ಎಷ್ಟೋ ಅಧ್ಯಾಪಕರ ಮನೆಯ ಮೇಜಿಗೂ ಎರಡನೆಯ ಮಾನಿಟರ್ ಬಂತು. ಹೀಗಾಗಿ ಮೇಲಿನ ಆರು ಸಾಲುಗಳು ಎಷ್ಟು ಒಳ್ಳೆಯವು ಎಂದು ಕೇಳುವುದು ಸಣ್ಣ ಪ್ರಶ್ನೆಯಲ್ಲ. ಒಂದು ಗಂಟೆಯ ತರಗತಿಯಲ್ಲಿ ಹದಿನೈದು ನಿಮಿಷ ಪರದೆಯ ಮುಂದೆ ಕಳೆದುಹೋದರೆ ಕಾಲು ಭಾಗ ಪಾಠ ಹೋಯಿತು. ಕೆಲವು ನೂರು ರೂಪಾಯಿಯ ಕೇಬಲಿನ ದೋಷಕ್ಕೆ ಸಾವಿರಾರು ರೂಪಾಯಿಯ ಪ್ರೊಜೆಕ್ಟರನ್ನು ಮೂಲೆಗೆ ಸೇರಿಸಿದರೆ ಸಂಸ್ಥೆಯ ಹಣವೂ ಹೋಯಿತು, ಇ-ತ್ಯಾಜ್ಯವೂ ಬೆಳೆಯಿತು. ಇವೆರಡಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಅದನ್ನು ಕ್ರಮವಾಗಿ ನೋಡೋಣ.

ಪಟ್ಟಿಯ ಗುಣ

ನ್ಯಾಯವಾಗಿ ಹೇಳಬೇಕೆಂದರೆ ಪಟ್ಟಿಯಲ್ಲಿ ಸುಳ್ಳೇನೂ ಇಲ್ಲ. ಆರೂ ಸಲಹೆಗಳು ಯಾವುದೋ ಒಂದು ಸಂದರ್ಭದಲ್ಲಿ ಕೆಲಸ ಮಾಡುತ್ತವೆ. ಎರಡನೆಯದಂತೂ ತುಂಬ ಉಪಯುಕ್ತ. 2009ರಲ್ಲಿ ಬಂದ ವಿಂಡೋಸ್ 7ರಿಂದ ಈ ಕೀಲಿಜೋಡಿ ಇದೆ. ಲ್ಯಾಪ್‌ಟಾಪ್ ಪರದೆ ಮಾತ್ರ, ಎರಡರಲ್ಲೂ ಒಂದೇ ಚಿತ್ರ, ಎರಡೂ ಸೇರಿ ಒಂದೇ ವಿಸ್ತಾರವಾದ ಪರದೆ, ಹೊರಗಿನ ಪರದೆ ಮಾತ್ರ ಎಂಬ ನಾಲ್ಕು ಆಯ್ಕೆಗಳನ್ನು ಅದು ಕೊಡುತ್ತದೆ. ಮೊದಲನೆಯ ಆಯ್ಕೆಯೇ ಉಳಿದುಹೋಗಿದ್ದರೆ ಎಂಥ ಒಳ್ಳೆಯ ಕೇಬಲ್ ಹಾಕಿದರೂ ಹೊರಗಿನ ಪರದೆಗೆ ಚಿತ್ರ ಬಾರದು.

ಸಲಹೆಗಳು ಚಿಕ್ಕವು, ಯಾರು ಬೇಕಾದರೂ ಮಾಡಬಹುದಾದವು. ಗಡಿಬಿಡಿಯಲ್ಲಿರುವವರಿಗೆ ಇದು ದೊಡ್ಡ ಅನುಕೂಲ. ಹಾಗಿದ್ದರೆ ಆಕ್ಷೇಪ ಯಾಕೆ?

ಮೊದಲ ಆಕ್ಷೇಪ: ವೀಕ್ಷಣೆಯೇ ಇಲ್ಲ

ಪಟ್ಟಿಯ ಆರು ಸಾಲುಗಳಲ್ಲಿ ಒಂದರಲ್ಲೂ ‘ಪರದೆಯಲ್ಲಿ ಈಗ ಏನು ಕಾಣುತ್ತಿದೆ?’ ಎಂಬ ಪ್ರಶ್ನೆ ಇಲ್ಲ. ರೋಗಿಯನ್ನು ನೋಡದೆ ಔಷಧದ ಚೀಟಿ ಬರೆದಂತಾಯಿತು. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಯಾವ ವಿದ್ಯಾರ್ಥಿಯಾದರೂ ವೀಕ್ಷಣೆಯ ಕಾಲಂ ಖಾಲಿ ಬಿಟ್ಟು ಫಲಿತಾಂಶ ಬರೆದರೆ ನಾವು ಒಪ್ಪುತ್ತೇವೆಯೇ?

ಕಪ್ಪು ಪರದೆಗಳೆಲ್ಲ ಒಂದೇ ಅಲ್ಲ. ಮಾನಿಟರಿನಲ್ಲಿ ‘ನೋ ಸಿಗ್ನಲ್’ ಎಂಬ ಬರಹ ತೇಲುತ್ತಿದೆ ಎಂದುಕೊಳ್ಳಿ. ಬಹುಮಂದಿ ಇದನ್ನು ಯಂತ್ರದ ದೂರು ಎಂದು ಓದುತ್ತಾರೆ. ವಾಸ್ತವವಾಗಿ ಅದು ಬಹಳ ಮಾಹಿತಿ ಇರುವ ವೀಕ್ಷಣೆ. ಬರಹ ಕಾಣುತ್ತಿದೆಯೆಂದರೆ ಮಾನಿಟರಿಗೆ ವಿದ್ಯುತ್ ಬಂದಿದೆ, ಅದರ ಒಳಗಿನ ಸಂಸ್ಕಾರಕ ಕೆಲಸ ಮಾಡುತ್ತಿದೆ, ಹಿಂಬೆಳಕು ಉರಿಯುತ್ತಿದೆ, ಫಲಕದ ಪಿಕ್ಸೆಲ್‌ಗಳು ಆಜ್ಞೆ ಪಾಲಿಸುತ್ತಿವೆ. ಮಾನಿಟರಿನ ಹೆಚ್ಚಿನ ಭಾಗ ಇಲ್ಲಿಗೇ ನಿರ್ದೋಷಿ. ಉಳಿದ ಸಂಶಯ ಮೂರು: ಮಾನಿಟರಿನಲ್ಲಿ ತಪ್ಪು ಇನ್‌ಪುಟ್ ಆಯ್ಕೆಯಾಗಿದೆ, ಇಲ್ಲವೇ ದಾರಿಯಲ್ಲಿ ಸಂಕೇತ ಕಡಿದಿದೆ, ಇಲ್ಲವೇ ಲ್ಯಾಪ್‌ಟಾಪ್ ಕಳಿಸುತ್ತಲೇ ಇಲ್ಲ.

ಬರಹ ‘ಔಟ್ ಆಫ್ ರೇಂಜ್’ ಎಂದಿದ್ದರೆ ಕತೆ ಬೇರೆ. ಸಂಕೇತ ತಲುಪಿದೆ, ಅದರ ಆವೃತ್ತಿ ಮಾನಿಟರಿನ ಮಿತಿಯನ್ನು ಮೀರಿದೆ. ಇಲ್ಲಿ ಕೇಬಲ್ ಬದಲಿಸುವುದು ವ್ಯರ್ಥ. ಪಟ್ಟಿಯ ಮೂರನೆಯ ಸಾಲಿಗೆ ನೇರವಾಗಿ ಹೋಗಬೇಕು. ಪರದೆ ಪೂರ್ತಿ ಕಪ್ಪಾಗಿದ್ದು, ಟಾರ್ಚನ್ನು ಓರೆಯಾಗಿ ಹಿಡಿದಾಗ ಮಸುಕಾದ ಚಿತ್ರ ಕಂಡರೆ ಹಿಂಬೆಳಕು ಹೋಗಿದೆ. ಆಗ ಲ್ಯಾಪ್‌ಟಾಪಿನಲ್ಲಿ ಏನು ಮಾಡಿದರೂ ಫಲವಿಲ್ಲ. ಮೂರು ಕಪ್ಪುಗಳಿಗೆ ಮೂರು ಕಾರಣ, ಮೂರು ದಾರಿ. ಪಟ್ಟಿಯಾದರೋ ಮೂರಕ್ಕೂ ಒಂದೇ ಕಷಾಯ ಕೊಡುತ್ತದೆ.

ಎರಡನೆಯ ಆಕ್ಷೇಪ: ಮಾತುಕತೆಯ ಅರಿವಿಲ್ಲ

ಕೇಬಲ್ ಎಂದರೆ ನೀರು ಹರಿಯುವ ಪೈಪಿನಂತೆ, ಚಿತ್ರ ಒಂದೇ ದಿಕ್ಕಿನಲ್ಲಿ ಹೋಗುತ್ತದೆ ಎಂಬ ಕಲ್ಪನೆ ಪಟ್ಟಿಯ ಹಿಂದೆ ಇದೆ. ಆದರೆ ಚಿತ್ರ ಹೊರಡುವ ಮೊದಲು ಎರಡೂ ತುದಿಗಳ ನಡುವೆ ಒಂದು ಸಣ್ಣ ಮಾತುಕತೆ ನಡೆಯುತ್ತದೆ. ಮಾನಿಟರ್ ತನ್ನ ಪರಿಚಯವನ್ನು ಒಂದು ಪುಟ್ಟ ಸ್ಮೃತಿಕೋಶದಲ್ಲಿ ಇಟ್ಟುಕೊಂಡಿರುತ್ತದೆ. ಇದಕ್ಕೆ ಇಡಿಐಡಿ ಎಂದು ಹೆಸರು; ವೆಸಾ ಎಂಬ ಮಾನಕ ಸಂಸ್ಥೆ 1994ರಲ್ಲಿ ಇದನ್ನು ರೂಪಿಸಿತು. ಇದರ ಮೂಲಭಾಗದ ಗಾತ್ರ ಕೇವಲ 128 ಬೈಟ್. ತಯಾರಕರ ಮೂರಕ್ಷರದ ಗುರುತು, ತಯಾರಾದ ವಾರ ಮತ್ತು ವರ್ಷ, ಪರದೆಯ ಉದ್ದಗಲ, ತೋರಿಸಬಲ್ಲ ರೆಸಲ್ಯೂಷನ್‌ಗಳು ಎಲ್ಲವೂ ಅದರಲ್ಲಿವೆ. ಕೊನೆಯ ಬೈಟನ್ನು ಹೇಗೆ ಆರಿಸಿರುತ್ತಾರೆಂದರೆ 128 ಸಂಖ್ಯೆಗಳನ್ನೂ ಕೂಡಿಸಿ 256ರಿಂದ ಭಾಗಿಸಿದರೆ ಶೇಷ ಸೊನ್ನೆ ಬರಬೇಕು. ಬಾರದಿದ್ದರೆ ಮಾಹಿತಿ ಕೆಟ್ಟಿದೆ ಎಂದರ್ಥ.

ಈ ಸ್ಮೃತಿಕೋಶವನ್ನು ಓದಲು ಬೇಕಾದ 5 ವೋಲ್ಟ್ ಲ್ಯಾಪ್‌ಟಾಪಿನಿಂದಲೇ ಹೋಗುತ್ತದೆ. ಎಚ್‌ಡಿಎಂಐ ಜೋಡಣೆಯ 19 ಪಿನ್‌ಗಳಲ್ಲಿ 18ನೆಯದು ಈ ವಿದ್ಯುತ್ತಿನದು. 15 ಮತ್ತು 16 ಮಾತುಕತೆಯ ತಂತಿಗಳು. 19ನೆಯದು ‘ನಾನು ಬಂದಿದ್ದೇನೆ’ ಎಂದು ಮಾನಿಟರ್ ತಿಳಿಸುವ ತಂತಿ. ಹಳೆಯ ವಿಜಿಎಯಲ್ಲೂ ಹೀಗೆಯೇ: 15 ಪಿನ್‌ಗಳಲ್ಲಿ 9ನೆಯದು 5 ವೋಲ್ಟ್, 12 ಮತ್ತು 15 ಮಾತುಕತೆ.

ಇಷ್ಟು ತಿಳಿದರೆ ಎರಡು ಸಾಮಾನ್ಯ ತೊಂದರೆಗಳು ತಾವಾಗಿಯೇ ಅರ್ಥವಾಗುತ್ತವೆ. ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಮಾನಿಟರಿನ ಸರಿಯಾದ ಹೆಸರು ಕಾಣುತ್ತಿದೆ, ಚಿತ್ರ ಮಾತ್ರ ಇಲ್ಲ ಎಂದಾದರೆ ಮಾತುಕತೆಯ ತಂತಿಗಳು ಸರಿ ಇವೆ. ಚಿತ್ರದ ತಂತಿಗಳನ್ನೋ ಮಾನಿಟರಿನ ಇನ್‌ಪುಟ್ ಆಯ್ಕೆಯನ್ನೋ ಸಂಶಯಿಸಬೇಕು. ಇದರ ತಿರುಗುಮುರುಗು, ಚಿತ್ರ ಬರುತ್ತಿದೆ, ಆದರೆ ಹೆಸರಿನ ಜಾಗದಲ್ಲಿ ಸಾಮಾನ್ಯ ಮಾನಿಟರ್ ಎಂದಷ್ಟೇ ಇದ್ದು 1024×768ಕ್ಕಿಂತ ಮೇಲಿನ ಆಯ್ಕೆ ಸಿಗುತ್ತಿಲ್ಲ ಎಂದಾದರೆ ಮಾತುಕತೆಯ ತಂತಿ ಕಡಿದಿದೆ. ಅಗ್ಗದ ಕೆಲವು ಉದ್ದ ವಿಜಿಎ ಕೇಬಲ್‌ಗಳಲ್ಲಿ ಆ ತಂತಿಗಳನ್ನು ಹಾಕಿರುವುದೇ ಇಲ್ಲ. ಇಂಥಲ್ಲಿ ಡ್ರೈವರ್ ತಂತ್ರಾಂಶವನ್ನು ಎಷ್ಟು ಸಲ ಅಪ್‌ಡೇಟ್ ಮಾಡಿದರೂ ಇಲ್ಲದ ತಾಮ್ರ ಹುಟ್ಟುವುದಿಲ್ಲ.

ಮೂರನೆಯ ಆಕ್ಷೇಪ: ರೀಸ್ಟಾರ್ಟ್ ಸಾಕ್ಷ್ಯವನ್ನು ಅಳಿಸುತ್ತದೆ

ರೀಸ್ಟಾರ್ಟ್ ಮಾಡಿದರೆ ಅನೇಕ ಸಲ ಚಿತ್ರ ಬರುತ್ತದೆ, ನಿಜ. ಆದರೆ ಅದರಿಂದ ಒಂದೇ ಏಟಿಗೆ ಡ್ರೈವರ್ ಹೊಸದಾಗಿ ತೆರೆದುಕೊಳ್ಳುತ್ತದೆ, ಮಾತುಕತೆ ಮತ್ತೆ ನಡೆಯುತ್ತದೆ, ಆಯ್ಕೆಗಳು ಮತ್ತೆ ಓದಲ್ಪಡುತ್ತವೆ. ಯಾವುದರಿಂದ ಗುಣವಾಯಿತೆಂದು ಹೇಳಲಾಗದು. ನಾಳೆ ಅದೇ ತೊಂದರೆ ಬಂದಾಗ ಕೈಯಲ್ಲಿ ಮತ್ತೆ ಅದೇ ಮಂತ್ರ.

ಕೇಬಲ್ ತೆಗೆದು ಮತ್ತೆ ಸಿಕ್ಕಿಸುವುದರಲ್ಲೂ ಇದೇ ಗೊಂದಲ ಅಡಗಿದೆ. ಅದರಲ್ಲಿ ಒಟ್ಟಿಗೇ ಎರಡು ಘಟನೆಗಳು ನಡೆಯುತ್ತವೆ: ಮಾತುಕತೆ ಹೊಸದಾಗಿ ಆರಂಭವಾಗುತ್ತದೆ, ಹಾಗೂ ಪಿನ್‌ಗಳು ಉಜ್ಜಿಕೊಂಡು ಮೇಲಿನ ಕಿಲುಬು ಸರಿಯುತ್ತದೆ. ಎರಡನ್ನೂ ಬೇರ್ಪಡಿಸುವ ಸುಲಭ ಪ್ರಯೋಗವಿದೆ. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ‘ಬಿ’ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕೇಬಲನ್ನು ಮುಟ್ಟದೆಯೇ ಗ್ರಾಫಿಕ್ಸ್ ಡ್ರೈವರ್ ಮರುಪ್ರಾರಂಭವಾಗುತ್ತದೆ. ಇದರಿಂದ ಚಿತ್ರ ಬಂದರೆ ಪಿನ್‌ಗಳ ಮೇಲಿನ ಸಂಶಯ ಕಡಿಮೆಯಾಯಿತು. ಬಾರದೆ, ಕೇಬಲ್ ಸಿಕ್ಕಿಸಿದಾಗ ಮಾತ್ರ ಬಂದರೆ ಸಂಪರ್ಕವನ್ನೇ ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದೇ ಚರವನ್ನು ಬದಲಿಸಬೇಕೆಂಬ ನಿಯಮವನ್ನು ನಾವು ಓಮನ ನಿಯಮದ ಪ್ರಯೋಗದಲ್ಲಿ ಕಲಿಸುತ್ತೇವೆ, ಸೆಮಿನಾರ್ ಹಾಲಿಗೆ ಬಂದೊಡನೆ ಮರೆಯುತ್ತೇವೆ. ಆರಂಭದಲ್ಲಿ ಹೇಳಿದ ದೊಡ್ಡ ನಷ್ಟ ಇದೇ: ಯಂತ್ರದ ತೊಂದರೆ ಅದೃಷ್ಟದಿಂದ ಸರಿಹೋಗುತ್ತದೆ ಎಂಬ ಪಾಠವನ್ನು ವಿದ್ಯಾರ್ಥಿಗಳು ಮುಂದಿನ ಬೆಂಚಿನಲ್ಲೇ ಕುಳಿತು ಕಲಿಯುತ್ತಾರೆ.

ಹಳೆಯ ವಿಜಿಎ ಕಲಿಸುವ ಭೌತವಿಜ್ಞಾನ

1987ರಲ್ಲಿ ಐಬಿಎಂ ಕಂಪೆನಿ ತಂದ ವಿಜಿಎ ಅನಲಾಗ್ ವ್ಯವಸ್ಥೆ. ಇಂಟೆಲ್, ಎಎಂಡಿ ಮತ್ತಿತರ ಕಂಪೆನಿಗಳು 2015ರ ಹೊತ್ತಿಗೆ ಇದನ್ನು ಕೈಬಿಡುವುದಾಗಿ 2010ರ ಡಿಸೆಂಬರಿನಲ್ಲಿ ಪ್ರಕಟಿಸಿದವು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ಮಾಯವಾದರೂ ಹಲವು ಕೊಠಡಿಗಳ ಗೋಡೆಯ ಒಳಗಿನ ಕೇಬಲ್ ಮಾತ್ರ ಇಂದಿಗೂ ವಿಜಿಎಯದೇ. ಅದನ್ನು ಶಪಿಸುವ ಮೊದಲು ಅದರಿಂದ ಕಲಿಯಬಹುದಾದದ್ದನ್ನು ನೋಡೋಣ.

ಪಿನ್ 1, 2, 3ರಲ್ಲಿ ಕ್ರಮವಾಗಿ ಕೆಂಪು, ಹಸಿರು, ನೀಲಿ ಸಂಕೇತಗಳು ಹೋಗುತ್ತವೆ. ಬಿಳಿಯ ಪರದೆ ಹಳದಿಯಾಗಿ ಕಂಡರೆ ನೀಲಿಯ ದಾರಿ ಕಡಿದಿದೆ, ಏಕೆಂದರೆ ಕೆಂಪು ಮತ್ತು ಹಸಿರು ಬೆಳಕು ಸೇರಿದರೆ ಹಳದಿ. ಹಸಿರು ಹೋದರೆ ಮೆಜೆಂಟಾ, ಕೆಂಪು ಹೋದರೆ ಸಯಾನ್. ಬೆಳಕಿನ ಬಣ್ಣಗಳ ಸಂಕಲನಕ್ಕೆ ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಯಾವುದು?

ಅಕ್ಷರಗಳ ಬಲಕ್ಕೆ ಮಸುಕಾದ ನೆರಳು ಕಂಡರೆ ಅದು ಪ್ರತಿಫಲಿತ ಅಲೆ. ವಿಜಿಎಯ ಬಣ್ಣದ ತಂತಿಗಳು 75 ಓಂ ಇಂಪೀಡೆನ್ಸಿಗೆ ಹೊಂದಿಕೊಂಡಿರಬೇಕು. ಎಲ್ಲಿ ಹೊಂದಿಕೆ ತಪ್ಪುತ್ತದೋ ಅಲ್ಲಿ ಅಲೆಯ ಒಂದು ಪಾಲು ಹಿಂದಿರುಗುತ್ತದೆ. 10 ಮೀಟರ್ ಕೇಬಲಿನ ಎರಡೂ ತುದಿಗಳಲ್ಲಿ ಹೊಂದಿಕೆ ಕೆಟ್ಟಿದ್ದರೆ ಅಲೆ ಹೋಗಿ ಬಂದು ಹೆಚ್ಚುವರಿಯಾಗಿ 20 ಮೀಟರ್ ಸಾಗುತ್ತದೆ. ಕೇಬಲಿನಲ್ಲಿ ಅದರ ವೇಗ ಸುಮಾರು ಸೆಕೆಂಡಿಗೆ 2 ಲಕ್ಷ ಕಿಲೋಮೀಟರ್. ವಿಳಂಬ 100 ನ್ಯಾನೋಸೆಕೆಂಡ್. 1024×768 ಚಿತ್ರದಲ್ಲಿ ಪಿಕ್ಸೆಲ್‌ಗಳ ಆವೃತ್ತಿ 65 ಮೆಗಾಹರ್ಟ್ಸ್, ಅಂದರೆ ಒಂದು ಪಿಕ್ಸೆಲಿಗೆ ಸುಮಾರು 15.4 ನ್ಯಾನೋಸೆಕೆಂಡ್. ಹಾಗಾಗಿ ನೆರಳು ಸುಮಾರು ಆರೂವರೆ ಪಿಕ್ಸೆಲ್ ದೂರ ಬೀಳುತ್ತದೆ. ನೆರಳಿನ ದೂರವನ್ನು ಅಳೆದು ಗೋಡೆಯೊಳಗೆ ಹುದುಗಿದ ಕೇಬಲಿನ ಉದ್ದವನ್ನು ಅಂದಾಜಿಸಬಹುದು!

ಒಂದೇ ಲ್ಯಾಪ್‌ಟಾಪಿಗೆ ಸಾಮಾನ್ಯ ‘ವೈ’ ಕೇಬಲಿನಿಂದ ಎರಡು ಪರದೆ ಜೋಡಿಸಿದಾಗ ಚಿತ್ರ ಮಂಕಾಗುವುದೂ ಹೀಗೆಯೇ. ಸಮಾಂತರ ಜೋಡಣೆಯಲ್ಲಿ ಎರಡು 75 ಓಂಗಳು ಸೇರಿ 37.5 ಓಂ ಆಗುತ್ತವೆ, ಗರಿಷ್ಠ 0.7 ವೋಲ್ಟ್ ಇರಬೇಕಾದ ಸಂಕೇತ ಅದರ ಮೂರನೆಯ ಎರಡಕ್ಕೆ, ಅಂದರೆ ಸುಮಾರು 0.47 ವೋಲ್ಟಿಗೆ ಇಳಿಯುತ್ತದೆ. ಮಂಕಾದದ್ದು ಪ್ರೊಜೆಕ್ಟರಿನ ದೀಪ ಹಳೆಯದಾದುದರಿಂದಲ್ಲ.

ಚಿತ್ರದ ಮೇಲೆ ಅಡ್ಡಪಟ್ಟಿಗಳು ಹರಿದಾಡಿದರೆ ಲ್ಯಾಪ್‌ಟಾಪಿನ ಚಾರ್ಜರನ್ನು ಕಳಚಿ ಬ್ಯಾಟರಿಯಲ್ಲಿ ನಡೆಸಿ ನೋಡಿ. ಪಟ್ಟಿ ಮಾಯವಾದರೆ ದೋಷ ಪರದೆಯದಲ್ಲ. ಎರಡು ಸಾಕೆಟ್‌ಗಳ ಭೂಸಂಪರ್ಕಗಳ ನಡುವೆ 50 ಹರ್ಟ್ಸ್‌ನ ಸಣ್ಣ ವಿಭವಾಂತರವಿದೆ. ಅದು 0.035 ವೋಲ್ಟ್ ಆದರೂ 0.7ರ ಶೇಕಡಾ 5. ಪರಿಹಾರ, ಎರಡನ್ನೂ ಒಂದೇ ಬೋರ್ಡಿನ ಸಾಕೆಟ್‌ಗಳಿಗೆ ಜೋಡಿಸುವುದು. ಕೆಲವೆಡೆ ಇದಕ್ಕೆ ‘ಮದ್ದು’ ಎಂದು ಪ್ಲಗ್ಗಿನ ಭೂಸಂಪರ್ಕದ ದಪ್ಪ ಪಿನ್ನನ್ನೇ ತೆಗೆದುಬಿಡುವುದುಂಟು. ಇದು ಕಟುವಾಗಿ ಖಂಡಿಸಬೇಕಾದ ಅಭ್ಯಾಸ. ಪಟ್ಟಿ ಹೋಗುತ್ತದೆ, ಜತೆಗೆ ಜೀವರಕ್ಷಣೆಯೂ ಹೋಗುತ್ತದೆ. ಗೋಡೆಯ ಹಾಳೆಗಳಲ್ಲಿ ಇದರ ವಿರುದ್ಧ ಒಂದು ಸಾಲಾದರೂ ಇರಬೇಕಿತ್ತು.

ಒಂದೇ ಆಕಾರ, ಹಲವು ಸಾಮರ್ಥ್ಯ

ವಿಮರ್ಶೆ ಪಟ್ಟಿ ಬರೆದವರಿಗೆ ಮಾತ್ರ ಸಲ್ಲುವುದಲ್ಲ. ಮಾನಕಗಳನ್ನು ರೂಪಿಸಿದವರಿಗೂ ಸಲ್ಲುತ್ತದೆ. ವಿಜಿಎ ಕಾಲದಲ್ಲಿ ಆಕಾರ ನೋಡಿದರೆ ಕೆಲಸ ತಿಳಿಯುತ್ತಿತ್ತು. 2014ರಲ್ಲಿ ಬಂದ ಯುಎಸ್‌ಬಿ-ಸಿ ಈ ನಂಬಿಕೆಯನ್ನು ಮುರಿಯಿತು. 24 ಪಿನ್‌ಗಳ ಒಂದೇ ಆಕಾರದ ಆ ಕಿಂಡಿ ಒಂದು ಲ್ಯಾಪ್‌ಟಾಪಿನಲ್ಲಿ ಚಾರ್ಜು, ದತ್ತಾಂಶ, ಚಿತ್ರ ಮೂರನ್ನೂ ಸಾಗಿಸುತ್ತದೆ; ಇನ್ನೊಂದರಲ್ಲಿ ಚಿತ್ರವನ್ನು ಸಾಗಿಸುವುದೇ ಇಲ್ಲ. ಕೇಬಲ್‌ಗಳೂ ಹಾಗೆಯೇ: ಮೊಬೈಲ್ ಚಾರ್ಜರಿನ ಜತೆ ಬಂದದ್ದು ನೋಡಲು ಅದೇ, ಒಳಗೆ ಚಿತ್ರದ ತಂತಿಗಳಿಲ್ಲ. ಕಿಂಡಿಯ ಪಕ್ಕ ಡಿಸ್‌ಪ್ಲೇಪೋರ್ಟಿನ ಚಿಹ್ನೆಯೋ ಮಿಂಚಿನ ಚಿಹ್ನೆಯೋ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಲ್ಯಾಪ್‌ಟಾಪಿನ ಕೈಪಿಡಿಯನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ಇಲ್ಲಿ ‘ಕೇಬಲ್ ಸರಿಯಾಗಿದೆಯೇ ನೋಡಿ’ ಎಂಬ ಸಲಹೆಗೆ ಅರ್ಥವೇ ಉಳಿಯುವುದಿಲ್ಲ; ನೋಡಿದರೆ ಕಾಣುವಂಥದು ಏನೂ ಇಲ್ಲ.

ಎಚ್‌ಡಿಎಂಐ ಹೆಸರುಗಳದೂ ಇದೇ ಪಾಡು. ಪರವಾನಗಿ ನೀಡುವ ಸಂಸ್ಥೆ 2021ರ ಡಿಸೆಂಬರಿನಲ್ಲಿ ಕೊಟ್ಟ ವಿವರಣೆಯ ಪ್ರಕಾರ 2.0 ಎಂಬುದು 2.1ರಲ್ಲಿ ಸೇರಿಹೋಗಿದೆ ಮತ್ತು 2.1ರ ಹೊಸ ಸೌಲಭ್ಯಗಳೆಲ್ಲ ಐಚ್ಛಿಕ. ಅಂದರೆ ಪೆಟ್ಟಿಗೆಯ ಮೇಲಿನ ಅಂಕಿ ಸಾಮರ್ಥ್ಯವನ್ನು ಹೇಳುವುದಿಲ್ಲ. ಮಾನಕದ ಹೆಸರು ಅಳತೆಯಾಗಿರಬೇಕು. ಅದು ಜಾಹೀರಾತಾದರೆ ಗ್ರಾಹಕನಿಗೆ ಅದರಿಂದ ಉಪಯೋಗವಿಲ್ಲ.

ಲೆಕ್ಕ ಹಾಕಿದರೆ ಸತ್ಯ ತಿಳಿಯುತ್ತದೆ. 1920×1080ರ ಚಿತ್ರಕ್ಕೆ ಅಂಚಿನ ವಿರಾಮವೂ ಸೇರಿ 2200×1125 ಸ್ಥಾನಗಳು. ಸೆಕೆಂಡಿಗೆ 60 ಸಲ ಎಂದರೆ 148.5 ಮೆಗಾಹರ್ಟ್ಸ್. ಮೂರು ಬಣ್ಣ, ಒಂದೊಂದಕ್ಕೆ ಸಾಗಣೆಯಲ್ಲಿ 10 ಬಿಟ್. ಒಟ್ಟು ಸೆಕೆಂಡಿಗೆ ಸುಮಾರು 4.46 ಗಿಗಾಬಿಟ್. 4ಕೆ ಟಿವಿಗೆ ಇದರ ನಾಲ್ಕು ಪಟ್ಟು, 17.82 ಗಿಗಾಬಿಟ್. 2009ರ ಎಚ್‌ಡಿಎಂಐ 1.4ರ ಮಿತಿ 10.2 ಗಿಗಾಬಿಟ್ ಮಾತ್ರ. ಅಂಥ ಕಿಂಡಿಯಿರುವ ಲ್ಯಾಪ್‌ಟಾಪನ್ನು 4ಕೆ ಟಿವಿಗೆ ಜೋಡಿಸಿ ಪೂರ್ಣ ರೆಸಲ್ಯೂಷನ್ ಆರಿಸಿದರೆ ಸೆಕೆಂಡಿಗೆ 30 ಚಿತ್ರಗಳಿಗೆ ಇಳಿಯಬೇಕಾಗುತ್ತದೆ. ಮೌಸಿನ ಬಾಣ ತಡವರಿಸುತ್ತದೆ. ನೋಡಿದವರು ಲ್ಯಾಪ್‌ಟಾಪ್ ನಿಧಾನ ಎನ್ನುತ್ತಾರೆ. 1920×1080ಕ್ಕೆ ಇಳಿಸಿದರೆ ಬಾಣ ಮತ್ತೆ ಚುರುಕು.

ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಪುಟ್ಟ ಅಡಾಪ್ಟರಿನಲ್ಲಿ ಡಿಜಿಟಲನ್ನು ಅನಲಾಗ್ ಮಾಡುವ ಚಿಪ್ ಇರುತ್ತದೆ. ಅದು ಒಮ್ಮುಖ, ತಿರುಗಿಸಿ ಹಾಕಿದರೆ ನಡೆಯದು. ಅದಕ್ಕೆ ವಿದ್ಯುತ್ ಬರುವುದು 18ನೆಯ ಪಿನ್ನಿನಿಂದ. ಅಲ್ಲಿ ಸಿಗುವ ಭರವಸೆಯ ಪ್ರವಾಹ 55 ಮಿಲಿಆಂಪಿಯರ್. ಹೆಚ್ಚು ಬೇಡುವ ಅಡಾಪ್ಟರ್ ಒಂದು ಲ್ಯಾಪ್‌ಟಾಪಿನಲ್ಲಿ ನಡೆದು ಇನ್ನೊಂದರಲ್ಲಿ ಮಿಣುಕುವುದಕ್ಕೆ ಇದೊಂದು ಕಾರಣ.

ಚಿತ್ರ ಬಂತು, ಅಕ್ಷರ ಬರಲಿಲ್ಲ

ಚಿತ್ರ ಮೂಡಿದೊಡನೆ ಪಟ್ಟಿಯ ಕೆಲಸ ಮುಗಿಯುತ್ತದೆ. ಕನ್ನಡದಲ್ಲಿ ಪಾಠ ಮಾಡುವವರಿಗೆ ತೊಂದರೆ ಆರಂಭವಾಗುವುದೇ ಅಲ್ಲಿಂದ. ಉಡುಪಿ-ಮಣಿಪಾಲದವರಿಗೆ ಚಿರಪರಿಚಿತರಾದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಿಂದಾಗಿ ಕನ್ನಡವನ್ನು ಬೆರಳಚ್ಚಿಸುವ ತುದಿ ಸುಗಮವಾಯಿತು. ಓದುವ ತುದಿಯ ಕಡೆಗೆ ನಮ್ಮ ಗಮನ ಸಾಲದು.

ಎಲ್‌ಸಿಡಿ ಫಲಕದ ಪಿಕ್ಸೆಲ್‌ಗಳ ಸಂಖ್ಯೆ ಸ್ಥಿರ. ಲ್ಯಾಪ್‌ಟಾಪಿನ 1366×768 ಚಿತ್ರವನ್ನು 1920×1080 ಫಲಕದಲ್ಲಿ ಹಾಗೆಯೇ ತೋರಿಸಿದರೆ ಒಂದು ಪಿಕ್ಸೆಲಿನ ಗೆರೆ ಸುಮಾರು 1.4 ಪಿಕ್ಸೆಲಿಗೆ ಹರಡಬೇಕು. ಪೂರ್ಣಾಂಕವಲ್ಲದ್ದರಿಂದ ಗೆರೆ ಮಸುಕಾಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳು ಇದನ್ನು ತಾಳಿಕೊಳ್ಳುತ್ತವೆ. ಕನ್ನಡದ ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು. ಅಲ್ಪಪ್ರಾಣ-ಮಹಾಪ್ರಾಣಗಳ ವ್ಯತ್ಯಾಸವೋ ಒಂದು ಸಣ್ಣ ಸೀಳು. ‘ಧನ ಆವೇಶ’ ಎಂಬಲ್ಲಿ ಆ ಸೀಳು ಅಳಿದರೆ ಹಿಂದಿನ ಬೆಂಚಿನವರು ಓದುವುದು ‘ದನ ಆವೇಶ’! ವಿದ್ಯಾರ್ಥಿ ನಕ್ಕರೆ ತಪ್ಪು ಅವನದಲ್ಲ. ಪರಿಹಾರ, ನಕಲು ಮಾಡುವ ಬದಲು ಪರದೆಯನ್ನು ವಿಸ್ತರಿಸಿ ಹೊರಗಿನ ಫಲಕಕ್ಕೆ ಅದರ ಸ್ವಂತ ರೆಸಲ್ಯೂಷನ್ ಕೊಡುವುದು.

ಟಿವಿಯನ್ನು ಮಾನಿಟರ್ ಮಾಡಿಕೊಂಡಾಗ ಇನ್ನೆರಡು ತೊಡಕುಗಳಿವೆ. ಹಳೆಯ ಪ್ರಸಾರದ ರೂಢಿಯಂತೆ ಕೆಲವು ಟಿವಿಗಳು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಕತ್ತರಿಸುತ್ತವೆ. ಕೆಳಗಿನ ಸಾಲು ಕಾಣದು. ಕೆಲವು ಟಿವಿಗಳು ಬಣ್ಣದ ಮಾಹಿತಿಯನ್ನು ನಾಲ್ಕು ಪಿಕ್ಸೆಲಿಗೆ ಒಂದರಂತೆ ಸಂಕ್ಷೇಪಿಸಿ ಸ್ವೀಕರಿಸುತ್ತವೆ. ಆಗ ನೀಲಿ ಹಿನ್ನೆಲೆಯ ಕೆಂಪು ಅಕ್ಷರ ಕಲಸಿಹೋಗುತ್ತದೆ. ಟಿವಿಯ ಮೆನುವಿನಲ್ಲಿ ಆ ಇನ್‌ಪುಟ್ಟನ್ನು ‘ಪಿಸಿ’ ಎಂದು ಗುರುತಿಸಿದರೆ ಸಾಮಾನ್ಯವಾಗಿ ಎರಡೂ ಸರಿಹೋಗುತ್ತವೆ.

ಪ್ರಮಾಣವನ್ನೂ ಗಮನಿಸಬೇಕು. 4:3ರ ಚಿತ್ರವನ್ನು 16:9ರ ಪರದೆಗೆ ಎಳೆದರೆ ಅಗಲ ಮೂರನೆಯ ಒಂದರಷ್ಟು ಹೆಚ್ಚುತ್ತದೆ. 1432ರಲ್ಲಿ ನಿಂತ 42 ಅಡಿಯ ಕಾರ್ಕಳದ ಗೊಮ್ಮಟ ಸ್ಥೂಲಕಾಯನಾಗುತ್ತಾನೆ, 1901ರ ಕಾಪು ದೀಪಸ್ತಂಭ ಕುಳ್ಳಗಾಗುತ್ತದೆ. ಇವು ನಗು ತರಿಸಬಹುದು. ಆದರೆ ಪರದೆಯ ಮೇಲೆ ವೃತ್ತ ದೀರ್ಘವೃತ್ತವಾದರೆ ಗ್ರಹಗಳ ಕಕ್ಷೆಯ ಪಾಠವೇ ತಪ್ಪಾಗುತ್ತದೆ. ಪ್ರತಿ ಸ್ಲೈಡ್ ಸರಣಿಯ ಮೊದಲಲ್ಲಿ ಒಂದು ವೃತ್ತ ಇಡುವುದು ಒಳ್ಳೆಯ ಅಭ್ಯಾಸ.

ಕರಾವಳಿಗೆ ಬೇಕಾದ ಸಾಲು

ಕೈಪಿಡಿಗಳು ಎಲ್ಲೋ ತಂಪಾದ ಒಣ ಕೊಠಡಿಯನ್ನು ಮನಸ್ಸಿನಲ್ಲಿಟ್ಟು ಬರೆದವು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಾಪುವಿನಂಥ ಕಡಲ ಬದಿಯ ಊರುಗಳಲ್ಲಿ ಗಾಳಿಯಲ್ಲಿ ಉಪ್ಪೂ ಇರುತ್ತದೆ. ತೇವ, ಉಪ್ಪು ಸೇರಿದಾಗ ಚಿನ್ನದ ತೆಳು ಲೇಪ ಸವೆದ ಪಿನ್‌ಗಳು ಬೇಗ ಕಿಲುಬುಗಟ್ಟಿ ಸಂಪರ್ಕ ರೋಧ ಹೆಚ್ಚುತ್ತದೆ. ಬೇಸಿಗೆ ರಜೆ ಮುಗಿದು ಮಳೆಯ ಜತೆಗೆ ಕಾಲೇಜು ತೆರೆದಾಗ ಇಂಥ ತೊಂದರೆ ಕಂಡರೆ ಆಶ್ಚರ್ಯವಿಲ್ಲ. ಪಿನ್‌ಗಳನ್ನು ಚಾಕುವಿನಿಂದಲೋ ಮರಳು ಕಾಗದದಿಂದಲೋ ಉಜ್ಜಬಾರದು. ಉಳಿದ ಲೇಪವೂ ಹೋಗುತ್ತದೆ. ವಿದ್ಯುತ್ ಆರಿಸಿ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಪೂರ್ತಿ ಒಣಗಲು ಬಿಡುವುದು ಸರಿ.

ಎಚ್‌ಡಿಎಂಐ ಕಿಂಡಿಯನ್ನು ಸುಮಾರು 10,000 ಸಲ ಸಿಕ್ಕಿಸಿ ತೆಗೆಯಲು ತಾಳುವಂತೆ ರೂಪಿಸಿದ್ದಾರೆ. ದಿನಕ್ಕೆ ಆರು ತರಗತಿ, ವರ್ಷಕ್ಕೆ 200 ದಿನ ಎಂದರೆ 1,200 ಸಲ. ಎಂಟು ವರ್ಷ ಚಿಲ್ಲರೆಯಲ್ಲಿ ಮುಗಿಯಿತು. ಗೋಡೆಯ ಸಾಕೆಟಿಗೆ ಒಂದು ಗಿಡ್ಡ ಕೇಬಲನ್ನು ಶಾಶ್ವತವಾಗಿ ಸಿಕ್ಕಿಸಿಟ್ಟರೆ ಸವೆತವೆಲ್ಲ ಆ ಅಗ್ಗದ ತುಂಡಿನದಾಗುತ್ತದೆ.

ಹಾಗಾದರೆ ಪಟ್ಟಿ ಹೇಗಿರಬೇಕು?

ಹಳೆಯ ಸಲಹೆಗಳನ್ನು ಬಿಸಾಡಬೇಕಿಲ್ಲ. ಕ್ರಮ ಬದಲಿಸಿ, ಪ್ರಶ್ನೆಗಳನ್ನು ಸೇರಿಸಿದರೆ ಸಾಕು.

1. ಪರದೆಯಲ್ಲಿ ಏನು ಕಾಣುತ್ತಿದೆ? ಬರಹವಿದ್ದರೆ ಇದ್ದಂತೆಯೇ ಬರೆದುಕೊಳ್ಳಿ. ಮಾನಿಟರಿನ ಇನ್‌ಪುಟ್ ಆಯ್ಕೆ ನೋಡಿ.
2. ಲ್ಯಾಪ್‌ಟಾಪಿಗೆ ಎರಡನೆಯ ಪರದೆಯ ಅರಿವಿದೆಯೇ? ವಿಸ್ತರಣೆಯ ಆಯ್ಕೆ ಕೊಟ್ಟು ಮೌಸಿನ ಬಾಣವನ್ನು ಅಂಚಿನಾಚೆ ಒಯ್ಯಿರಿ. ಅದು ಮರೆಯಾದರೆ ಅರಿವಿದೆ. ಮಾನಿಟರಿನ ಹೆಸರು ಸರಿಯಾಗಿ ಕಾಣುತ್ತಿದೆಯೇ ನೋಡಿ.
3. ಸರಪಣಿಯನ್ನು ನಡುವಿನಲ್ಲಿ ತುಂಡರಿಸಿ. ಲ್ಯಾಪ್‌ಟಾಪಿನಿಂದ ಫಲಕದವರೆಗೆ ಎಂಟು ಕೊಂಡಿಗಳಿದ್ದು ಒಂದರಲ್ಲಷ್ಟೇ ದೋಷವಿದ್ದರೆ, ಪ್ರತಿ ಸಲ ಅರ್ಧ ಭಾಗವನ್ನು ಪರೀಕ್ಷಿಸಿದಾಗ ಮೂರೇ ಪರೀಕ್ಷೆಯಲ್ಲಿ ಅದು ಸಿಗುತ್ತದೆ. ಇದಕ್ಕಾಗಿ ಸರಿ ಇದೆಯೆಂದು ಗೊತ್ತಿರುವ ಒಂದು ಕೇಬಲ್ ಕಪಾಟಿನಲ್ಲಿರಲಿ. ಅದನ್ನು ಬೇರೆ ಕೆಲಸಕ್ಕೆ ಕೊಡಬೇಡಿ.
4. ಒಂದು ಸಲಕ್ಕೆ ಒಂದೇ ಬದಲಾವಣೆ. ಫಲವಿಲ್ಲದಿದ್ದರೆ ಮೊದಲಿನ ಸ್ಥಿತಿಗೆ ತಂದು ಮುಂದುವರಿಯಿರಿ.
5. ರೀಸ್ಟಾರ್ಟ್, ಡ್ರೈವರ್ ಅಪ್‌ಡೇಟ್ ಇಲ್ಲಿಗೆ ಬಂದ ಮೇಲೆ.
6. ಭೂಸಂಪರ್ಕದ ಪಿನ್ನನ್ನು ಎಂದೂ ತೆಗೆಯಬೇಡಿ.
7. ದಿನಾಂಕ, ಲಕ್ಷಣ, ಸಿಕ್ಕ ದೋಷ, ಮಾಡಿದ ಪರಿಹಾರ ಇವನ್ನು ಒಂದು ಪುಸ್ತಕದಲ್ಲಿ ಬರೆಯಿರಿ.

‘ಪಾಠದ ಹೊತ್ತಿನಲ್ಲಿ ಇಷ್ಟಕ್ಕೆಲ್ಲ ಪುರುಸೊತ್ತೆಲ್ಲಿ?’ ಎಂದು ಅಧ್ಯಾಪಕರು ಕೇಳಬಹುದು. ಪ್ರಶ್ನೆ ಸರಿಯೇ. ಮೊದಲ ಎರಡು ಹೆಜ್ಜೆಗೆ ಒಂದು ನಿಮಿಷ ಸಾಕು. ಸಂಶಯದ ಬಹುಭಾಗ ಅಷ್ಟರಲ್ಲೇ ನಿವಾರಣೆಯಾಗುತ್ತದೆ. ಉಳಿದದ್ದು ತರಗತಿಯ ನಂತರದ ಕೆಲಸ, ಅದೂ ವಿದ್ಯಾರ್ಥಿಗಳ ಕೈಯಿಂದ. ಪದವಿ ತರಗತಿಯ ಒಂದು ತಂಡಕ್ಕೆ ತಮ್ಮ ಕಾಲೇಜಿನ ಒಂದು ಕೊಠಡಿಯನ್ನು ವಹಿಸಿಕೊಡಿ. ಅಲ್ಲಿನ ಸರಪಣಿಯ ನಕ್ಷೆಯನ್ನು ಅವರು ಬರೆಯಲಿ, ನೆರಳಿದ್ದರೆ ಅಳೆದು ಕೇಬಲಿನ ಉದ್ದ ಕಂಡುಹಿಡಿಯಲಿ. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಇಡಿಐಡಿಯನ್ನು ಫೈಲಿನಂತೆ ತೆರೆದು ಮೂಲಭಾಗದ 128 ಸಂಖ್ಯೆಗಳನ್ನು ಕೂಡಿಸಿ ಶೇಷ ಸೊನ್ನೆಯೇ ಎಂದು ಪರೀಕ್ಷಿಸಲಿ. ಕೊನೆಯಲ್ಲಿ ಗೋಡೆಯ ಹಳೆಯ ಹಾಳೆಯನ್ನು ತೆಗೆದು ಆ ಕೊಠಡಿಗೆಂದೇ ತಾವು ಕನ್ನಡದಲ್ಲಿ ಬರೆದದ್ದನ್ನು ಅಂಟಿಸಲಿ. ಮುಂದಿನ ವರ್ಷದ ತಂಡ ಅದನ್ನು ವಿಮರ್ಶೆ ಮಾಡಲಿ.